ಮುಕ್ಕಾಲು ಗೇಣಿನ ವಿಮಾನ



ಕೃಷ್ಣರಾಜನಗರದ ಕನ್ನಡ ಪಂಡಿತನಿಗೂ ನೌಕಾಪಡೆಯ ಜೆಟ್ ವಿಮಾನಕ್ಕೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ನಮ್ಮೂರಿನವರು ಸಮುದ್ರ ಕಾಣಬೇಕಾದರೆ ಘಟ್ಟವಿಳಿದು ಹೋಗಬೇಕು. ನಮ್ಮ ಮಕ್ಕಳು ಬಲ್ಲ ದೊಡ್ಡ ನೀರೆಂದರೆ ಕಾವೇರಿ. ಅವರು ಕೇಳಿರುವ ದೊಡ್ಡ ಮೊರೆತವೆಂದರೆ ಮಳೆಗಾಲದಲ್ಲಿ ಚುಂಚನಕಟ್ಟೆಯಲ್ಲಿ ಧುಮುಕುವ ಹೊಳೆಯದು. ಆದರೂ ಈ ಊರಿನ ಒಂದು ಮನೆಯಲ್ಲಿ, ರೇಡಿಯೋ ಇಟ್ಟಿರುವ ಗೂಡಿನಲ್ಲಿಯೇ, ರೆಕ್ಕೆ ಮಡಿಸಿಕೊಂಡು ನಿಂತಿರುವ ಪುಟ್ಟ ಯುದ್ಧವಿಮಾನವೊಂದು ಉಂಟು. ಅದು ಅಲ್ಲಿಗೆ ಬಂದ ಬಗೆಯನ್ನೂ ಅಂಥದೊಂದನ್ನು ನೀವೂ ನಿಮ್ಮ ಮಕ್ಕಳೂ ಮಾಡಬಹುದಾದ ಕ್ರಮವನ್ನೂ ತಿಳಿಸಬೇಕೆಂದಿದ್ದೇನೆ. ಅದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಗೆ ಆಗಮಸಂಧಿಯನ್ನು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ ಏನನ್ನೋ ಉಜ್ಜುತ್ತಿದ್ದ. ಹೋಗಿ ನೋಡಿದರೆ, ಬೆಂಗಳೂರಿನ ಸೋದರಮಾವ ಕೊಡಿಸಿದ ಪ್ಲಾಸ್ಟಿಕ್ಕಿನ ವಿಮಾನ! ಪರೀಕ್ಷೆಯ ವರ್ಷದಲ್ಲಿ ಆಟಿಕೆಯೇ ಎಂದು ಗದರಿಸಿ, ಕಿತ್ತುಕೊಂಡು, ಬೀರುವಿನ ಮೇಲೆ ಎಸೆದಂತೆ ಇಟ್ಟೆ. ಅದರ ಮುಂದಿನ ಗಾಲಿ ಮುರಿಯಿತು. ಹುಡುಗ ಅಳಲಿಲ್ಲ, ಅದೇ ನನ್ನನ್ನು ಸ್ವಲ್ಪ ಚುಚ್ಚಿತು.

ಮರುದಿನ ಅವನ ತಾತ ಶಾಲೆಗೆ ಬಂದರು. ನೆಟ್ಟಗೆ ನಿಲ್ಲುವ, ಮಿತವಾಗಿ ಮಾತನಾಡುವ ಮುದುಕರು. "ಹುಡುಗನ್ದೇ ತಪ್ಪು ಮೇಷ್ಟ್ರೆ. ಆದ್ರೆ ಅದನ್ನ ಒಂದ್ಸಾರಿ ನೋಡ್ಬೋದಾ?" ಎಂದರು. ಕೊಟ್ಟೆ. ರೆಕ್ಕೆಯ ಮೇಲೆ ಹೆಬ್ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿ, "ಇಲ್ಲಿ ಮಡಿಸ್ತಿದ್ವಿ" ಎಂದರು. ಹಾಗೆಂದವರು ವಿಕ್ರಾಂತ ಹಡಗಿನಲ್ಲಿ ಇಂಥ ವಿಮಾನಗಳ ಯಂತ್ರ ನೋಡಿಕೊಳ್ಳುತ್ತಿದ್ದ ನಿವೃತ್ತ ನಾವಿಕರು. ಊರಿಗೆ ಬಂದು ಭತ್ತ ಬೆಳೆದುಕೊಂಡಿದ್ದರು. ಮನೆಯವರಿಗೆ ಅವರ ಹಿಂದಿನ ಕೆಲಸವೆಂದರೆ ತಿಂಗಳಿಗೊಮ್ಮೆ ಬರುವ ಪಿಂಚಣಿ, ಅಷ್ಟೆ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗನ ಕಡೆ ತಿರುಗಿ, "ರೆಕ್ಕೆ ಹಿಂಗೆ ಚಾಚ್ಕೊಂಡಿದ್ರೆ ಲಿಫ್ಟ್‌ನಲ್ಲಿ ಹೆಂಗ್ಲಾ ಇಳಿಸೀಯಾ? ಕೊಕ್ಕೆ ಎಲ್ಲೋ?" ಎಂದು ಕೇಳಿದರು. ಹುಡುಗ ಉತ್ತರ ಹೇಳಲಾರದೆ ಹೋದ. ನಿಜ ಹೇಳಬೇಕೆಂದರೆ, ಪ್ರಶ್ನೆಯೇ ನನಗೆ ಅರ್ಥವಾಗಿರಲಿಲ್ಲ. ಅರ್ಥ ಮಾಡಿಕೊಳ್ಳಲು ಹೊರಟದ್ದರಿಂದ ಈ ವಿದ್ಯೆ ನನಗೂ ಸ್ವಲ್ಪ ಹತ್ತಿತು.

ಪದಗಳಿಂದಲೇ ಆರಂಭಿಸೋಣ, ಅದು ನನ್ನ ಕಸುಬು. ಸಂಸ್ಕೃತದಲ್ಲಿ 'ಮಾ' ಎಂಬ ಧಾತುವಿಗೆ ಅಳೆಯುವುದು ಎಂದು ಅರ್ಥ. 'ಪ್ರತಿಮೆ' ಎಂದರೆ ಮೂಲಕ್ಕೆ ಪ್ರತಿಯಾಗಿ ಅಳೆದು ಮಾಡಿದ್ದು. 'ಪ್ರಮಾಣ' ಎಂದರೆ ಅಳತೆಯೂ ಹೌದು, ಸಾಕ್ಷಿಯೂ ಹೌದು. 'ವಿಮಾನ' ಶಬ್ದವೂ ಇದೇ ಧಾತುವಿನಿಂದ ಬಂದದ್ದು. ದೇವಾಲಯದ ಗರ್ಭಗುಡಿಯ ಮೇಲಿನ ಶಿಖರವನ್ನೂ ವಿಮಾನವೆಂದೇ ಕರೆಯುತ್ತೇವೆ. ನಮ್ಮ ಜಿಲ್ಲೆಯ ಸೋಮನಾಥಪುರಕ್ಕೆ ಹೋದಾಗ ಗೋಡೆಯನ್ನು ಗಮನವಿಟ್ಟು ನೋಡಿ: ತಲೆಯ ಮೇಲೆ ದೊಡ್ಡ ಶಿಖರಗಳಿದ್ದರೆ, ಹೊರಗೋಡೆಯಲ್ಲಿ ಪುಟ್ಟ ಪುಟ್ಟ ಶಿಖರಗಳ ಪ್ರತಿಕೃತಿಗಳಿವೆ. 13ನೆಯ ಶತಮಾನದ ನಮ್ಮ ಶಿಲ್ಪಿಗಳಿಗೆ ದೊಡ್ಡದನ್ನು ಚಿಕ್ಕದಾಗಿ ಮಾಡುವ ಕಲೆ ಕೈವಶವಾಗಿತ್ತು. ಆದುದರಿಂದ ಈ ಹವ್ಯಾಸ ಹೊರಗಿನದೆಂದು ಸಂಕೋಚಪಡಬೇಕಾಗಿಲ್ಲ.

ಇನ್ನು ಆ ವಿಮಾನದ ವಿಚಾರ. ಅದರ ಹೆಸರು ಸೀ ಹಾಕ್, ಎಂದರೆ ಸಮುದ್ರದ ಗಿಡುಗ. ಇಂಗ್ಲೆಂಡಿನ ಹಾಕರ್ ಕಂಪನಿಯವರು ರೂಪಿಸಿದ್ದು. ಅದರ ಮೂಲಮಾದರಿ ಮೊದಲು ಹಾರಿದ್ದು 1947ರಲ್ಲಿ. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ನಮ್ಮ ಮೊದಲ ವಿಕ್ರಾಂತ ಸೇವೆಗೆ ಸೇರಿದಾಗ ಅದರ ಜೆಟ್ ಯುದ್ಧವಿಮಾನ ಇದೇ. 'ಬಿಳಿಯ ಹುಲಿ'ಗಳೆಂದು ಹೆಸರಾದ 300ನೆಯ ದಳದವರು ಇದನ್ನು ಹಾರಿಸುತ್ತಿದ್ದರು. 1971ರ ಡಿಸೆಂಬರ್ 4ರಂದು ಬಂಗಾಳ ಕೊಲ್ಲಿಯಲ್ಲಿ ವಿಕ್ರಾಂತದಿಂದ ಎದ್ದು ಕಾಕ್ಸ್ ಬಜಾರಿನ ಮೇಲೆ ಎರಗಿದವೂ ಇವೇ. 1983ರಲ್ಲಿ ಇವುಗಳ ಸ್ಥಾನಕ್ಕೆ ಸೀ ಹ್ಯಾರಿಯರ್ ಬಂತು.

ನೆಲದ ವಿಮಾನಕ್ಕೂ ಹಡಗಿನ ವಿಮಾನಕ್ಕೂ ಏನು ವ್ಯತ್ಯಾಸ? ನೆಲದ ವಿಮಾನಕ್ಕೆ ಮೈಲಿಯುದ್ದದ ಓಡುದಾರಿ ಉಂಟು. ಹಡಗಿನಲ್ಲಿ ಹಾಗಲ್ಲ, ವಿಕ್ರಾಂತದ ಇಡೀ ಉದ್ದವೇ ಸುಮಾರು 700 ಅಡಿ. ಆದುದರಿಂದ ವಿಮಾನವನ್ನು ಉಗಿಯ ಬಲದಿಂದ ಕವಣೆಯಲ್ಲಿಟ್ಟು ಬೀಸಿದಂತೆ ಹಾರಿಸುತ್ತಿದ್ದರು. ಇಳಿಯುವಾಗ ಬಾಲದ ಕೆಳಗಿನ ಕೊಕ್ಕೆಯು ಹಡಗಿನ ಮೇಲೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗವನ್ನು ಹಿಡಿದು ನಿಲ್ಲಿಸಬೇಕು. ಆ ಹೊಡೆತವನ್ನು ತಾಳಲು ಗಾಲಿಯ ಕಾಲುಗಳು ಗಟ್ಟಿಯಾಗಿರಬೇಕು. ಬಳಿಕ ಲಿಫ್ಟ್‌ನಲ್ಲಿ ಹಡಗಿನ ಹೊಟ್ಟೆಯೊಳಗೆ ಇಳಿಸಬೇಕಾದುದರಿಂದ ರೆಕ್ಕೆಗಳು ಮೇಲಕ್ಕೆ ಮಡಿಸುವಂತಿರಬೇಕು. ಸೀ ಹಾಕ್ ರೆಕ್ಕೆ ಚಾಚಿದರೆ 39 ಅಡಿ. ಮಡಿಸಿದರೆ 13 ಅಡಿ 4 ಅಂಗುಲ. ತಾತ ಕೇಳಿದ ಎರಡು ಪ್ರಶ್ನೆಗಳ ಅರ್ಥ ಈಗ ನಿಮಗೆ ಹೊಳೆದಿರಬೇಕು. ಹುಡುಗ ಮಾಡಿದ್ದು ವಿಮಾನದ ಆಕಾರ ಮಾತ್ರ. ಅದು ಹಡಗಿನ ಮೇಲೆ ಬಾಳುವ ವಿಮಾನ ಎಂಬುದಕ್ಕೆ ಅದರಲ್ಲಿ ಯಾವ ಪ್ರಮಾಣವೂ ಇರಲಿಲ್ಲ.

ಅಳತೆಯ ಲೆಕ್ಕ ಬಹಳ ಸುಲಭ. ಹೆಚ್ಚು ಪ್ರಚಾರದಲ್ಲಿರುವ ಅಳತೆ 72ಕ್ಕೆ ಒಂದು. 72 ಅಂಗುಲವೆಂದರೆ ಆರು ಅಡಿ; ಎಂದರೆ ನಿಜವಾದ ವಿಮಾನದ ಆರು ಅಡಿಗೆ ಮಾದರಿಯಲ್ಲಿ ಒಂದಂಗುಲ. ಆರರ ಮಗ್ಗಿ ಬಂದರೆ ಸಾಕು. ಸೀ ಹಾಕ್‌ನ 39 ಅಡಿಯ ರೆಕ್ಕೆ ಆರೂವರೆ ಅಂಗುಲವಾಗುತ್ತದೆ, ಹೆಚ್ಚು ಕಡಮೆ ಮುಕ್ಕಾಲು ಗೇಣು. ಐದೂವರೆ ಅಡಿಯ ಮನುಷ್ಯ ಒಂದಂಗುಲಕ್ಕಿಂತ ಸ್ವಲ್ಪ ಕುಳ್ಳ. ಇದೇ ಲೆಕ್ಕದಲ್ಲಿ ವಿಕ್ರಾಂತವನ್ನು ಮಾಡಹೊರಟರೆ ಸುಮಾರು ಹತ್ತಡಿಯಾಗಿ ನಡುಮನೆಯನ್ನೇ ಆಕ್ರಮಿಸೀತು! ಲೆಕ್ಕದ ಇನ್ನೊಂದು ಮುಖವನ್ನೂ ಮರೆಯಬಾರದು. ಮಾದರಿಯ ಮೇಲೆ ಬಣ್ಣ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪವಾದರೂ, ಅದು ನಿಜವಾದ ವಿಮಾನಕ್ಕೆ 7 ಮಿಲಿಮೀಟರಿಗಿಂತ ಹೆಚ್ಚು ದಪ್ಪಕ್ಕೆ ಗಾರೆ ಮೆತ್ತಿದಂತೆ. ಆದುದರಿಂದಲೇ ಬಣ್ಣ ತೆಳುವಾಗಿರಬೇಕು.

ಇನ್ನು ಕಟ್ಟುವ ಕ್ರಮ. ಪೆಟ್ಟಿಗೆಯಲ್ಲಿ ಬರುವ ಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅವನ್ನು ಕೈಯಿಂದ ಮುರಿಯಬಾರದು. ಹರಿತವಾದ ಚಾಕುವಿನಿಂದ, ಮೈಯಿಂದ ಆಚೆಗೆ ಎಳೆಯುತ್ತ ಕತ್ತರಿಸಬೇಕು. ಅದಕ್ಕೆ ಮೊದಲು ಎಲ್ಲವನ್ನೂ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದರೆ ಅಚ್ಚಿನ ಜಿಡ್ಡು ಹೋಗಿ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಅಂಟು ಹಾಕುವ ಮುನ್ನ ಭಾಗಗಳನ್ನು ಒಮ್ಮೆ ಬರಿದೆ ಜೋಡಿಸಿ ನೋಡಿ. ಇದಕ್ಕೆಂದೇ ಮಾರುವ ಅಂಟು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಬೆಸೆಯುತ್ತದೆ. ಹೆಚ್ಚಾದರೆ ಕೆಲಸ ಕೆಡುತ್ತದೆ. ಚಾಲಕನ ಗೂಡಿನ ಒಳಗನ್ನು ಮೊದಲೇ ಬಣ್ಣ ಹಚ್ಚಿ ಮುಗಿಸಬೇಕು. ಮೈ ಮುಚ್ಚಿದ ಮೇಲೆ ಅಲ್ಲಿಗೆ ಕುಂಚ ಹೋಗದು.

ಸೀ ಹಾಕ್‌ಗೆ ಗಾಲಿ ಮೂರು. ಒಂದು ಮೂಗಿನ ಕೆಳಗೆ, ಎರಡು ರೆಕ್ಕೆಗಳ ಕೆಳಗೆ. ಟೊಳ್ಳು ಮಾದರಿಯಲ್ಲಿ ಬಾಲದ ಭಾರವೇ ಹೆಚ್ಚಾಗಿ ಮೂಗು ಮೇಲೇಳುತ್ತದೆ. ಮೈಯ ಎರಡು ಹೋಳುಗಳನ್ನು ಮುಚ್ಚುವ ಮೊದಲು ಮೂಗಿನೊಳಗೆ ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ಅಂಟಿಸಿಬಿಡಿ. ನಮ್ಮ ಹುಡುಗ ಇದನ್ನು ಮರೆತಿದ್ದ. ಅವನ ಮೊದಲ ವಿಮಾನ ಬಾಲದ ಮೇಲೆ ಕುಳಿತಿತ್ತು.

ಸೀ ಹಾಕ್‌ನ ಹಿಂಭಾಗದಲ್ಲಿ ಹೊಗೆಯ ಕೊಳವೆಯನ್ನು ಹುಡುಕಬೇಡಿ, ಸಿಕ್ಕದು. ಎಂಜಿನಿನ ಕೊಳವೆ ಒಳಗೇ ಎರಡು ಕವಲಾಗಿ, ರೆಕ್ಕೆಗಳ ಬುಡದ ಹಿಂದೆ ಒಂದೊಂದು ಪಕ್ಕಕ್ಕೆ ಹೊರಬರುತ್ತದೆ. ಮೈಯ ಹಿಂಭಾಗ ಇಂಧನಕ್ಕೆ ಬಿಡುವಾಗಲೆಂದು ಈ ಯುಕ್ತಿ. ರೆಕ್ಕೆ ಮಡಿಸಿ ತೋರಿಸಬೇಕೆಂದರೆ ಮಡಿಕೆಯ ಗೆರೆಯಲ್ಲಿ ಸಣ್ಣ ಗರಗಸದಿಂದ ಕೊಯ್ದು, ಮೇಲಕ್ಕೆ ನಿಲ್ಲಿಸಿ, ಒಳಗೆ ತೆಳುಗಾಗದ ಪಟ್ಟಿಯ ಆಧಾರ ಕೊಟ್ಟು ಅಂಟಿಸಬೇಕು. ಸಂದುಗಳಿಗೆ ಪುಟ್ಟಿ ತುಂಬಿ, ನೀರು ಹಚ್ಚಿದ ನಯವಾದ ಮರಳುಕಾಗದದಿಂದ ತಿಕ್ಕಿದರೆ ಧೂಳೂ ಏಳುವುದಿಲ್ಲ.

ಬಣ್ಣದ ವಿಚಾರದಲ್ಲಿ ಹುಡುಗರಿಗೆ ಹೊಳಪಿನ ಮೋಹ. ನಮ್ಮವನೂ ಬೆಳ್ಳಿಯ ಬಣ್ಣ ಬಳಿದಿದ್ದ. ನಮ್ಮ ಸೀ ಹಾಕ್‌ಗಳಿಗೆ ಮೇಲೆ ಕಡು ಬೂದು, ಕೆಳಗೆ ನಸುಹಸಿರು ಬೆರೆತ ತಿಳಿಬಣ್ಣ. ಮೇಲಿನಿಂದ ನೋಡುವವನಿಗೆ ಕಡಲಿನಲ್ಲಿ ಬೆರೆಯಬೇಕು. ಕೆಳಗಿನಿಂದ ನೋಡುವವನಿಗೆ ಆಕಾಶದಲ್ಲಿ ಬೆರೆಯಬೇಕು. ಮೊದಲು ಬೂದಿಯ ಅಸ್ತರಿ. ಅದರ ಮೇಲೆ ಕೆಳಗಿನ ತಿಳಿಬಣ್ಣ. ಅದು ಚೆನ್ನಾಗಿ ಒಣಗಿದ ಮೇಲೆ ಅಂಚಿಗೆ ಟೇಪು ಅಂಟಿಸಿ ಮೇಲಿನ ಕಡುಬಣ್ಣ. ಒಂದು ದಪ್ಪ ಲೇಪಕ್ಕಿಂತ ಮೂರು ತೆಳು ಲೇಪ ಲೇಸು. ಚಿಕ್ಕ ವಸ್ತುವಿನ ಮೇಲೆ ಕಡುಬಣ್ಣ ಇನ್ನೂ ಕಪ್ಪಾಗಿ ಕಾಣುವುದರಿಂದ ಒಂದೆರಡು ಹನಿ ಬಿಳುಪು ಬೆರೆಸಿಕೊಳ್ಳುವುದು ಅನುಭವಿಗಳ ರೂಢಿ. ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಗುರುತುಗಳಲ್ಲಿ ನಮ್ಮ ತ್ರಿವರ್ಣದ ಚಕ್ರಕ್ಕೆ ಹೊರಗೆ ಕೇಸರಿ, ನಡುವೆ ಬಿಳುಪು, ಒಳಗೆ ಹಸಿರು, ಇದು ತಪ್ಪಬಾರದು. ಕೊನೆಗೆ ಕಡಲ ಗಾಳಿಯೂ ಎಣ್ಣೆಯೂ ಬಿಟ್ಟ ಕಲೆಯನ್ನು ಅತಿ ತೆಳುವಾಗಿ ತೋರಿಸಬಹುದು. ಎಣ್ಣೆಬಣ್ಣವನ್ನೂ ಅದರ ತೆಳ್ಳಿಸುವ ದ್ರವವನ್ನೂ ಒಲೆಯ ಹತ್ತಿರ ತರಬೇಡಿ, ಕಿಟಕಿ ತೆರೆದಿರಲಿ. ಮಕ್ಕಳಿಗೆ ನೀರಿನಲ್ಲಿ ಕಲಸುವ ಬಣ್ಣವೇ ಕ್ಷೇಮ.

ಪೆಟ್ಟಿಗೆಯ ಬೆಲೆ ಹೆಚ್ಚೆಂದು ತೋರಿದರೆ ಹಳೆಯ ರಟ್ಟೂ ಗೋಂದೂ ಸಾಕು. ವಿಮಾನದ ಮೇಲು ನೋಟ, ಪಕ್ಕದ ನೋಟ, ಎದುರು ನೋಟ ಈ ಮೂರನ್ನು ಚೌಕಗೆರೆಯ ಕಾಗದದಲ್ಲಿ ಅಳತೆಗೆ ಬರೆದು ಕತ್ತರಿಸಿಕೊಳ್ಳಿ. ಕಲಿಯುವುದು ಪ್ಲಾಸ್ಟಿಕ್ಕಿನಿಂದಲ್ಲ, ಅಳತೆಯಿಂದ.

"ಇದೆಲ್ಲ ಕಾಲಹರಣವಲ್ಲವೆ?" ಎಂದು ತಂದೆತಾಯಿಗಳು ಕೇಳಬಹುದು, ನಾನೂ ಕೇಳಿದವನೇ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಸಂಸ್ಥೆಯ ಗಾಳಿಸುರಂಗಗಳಲ್ಲಿ ವಿದ್ವಾಂಸರು ಮಾಡುವುದೂ ಇದರ ಅಣ್ಣನಂಥ ಕೆಲಸವೇ: ವಿಮಾನದ ಚಿಕ್ಕ ಮಾದರಿಯನ್ನು ಅಳತೆ ತಪ್ಪದೆ ಮಾಡಿ, ಅದರ ಮೇಲೆ ಗಾಳಿ ಹಾಯಿಸಿ, ದೊಡ್ಡದು ಹೇಗೆ ಹಾರೀತೆಂದು ತಿಳಿಯುವುದು. ಬೆಂಗಳೂರಿನಲ್ಲೇ ರೂಪುಗೊಂಡ ನೌಕಾ ತೇಜಸ್ 2012ರ ಏಪ್ರಿಲ್ 27ರಂದು ಅಲ್ಲಿಯೇ ಮೊದಲು ಹಾರಿತು. 2020ರ ಜನವರಿ 11ರಂದು ವಿಕ್ರಮಾದಿತ್ಯ ಹಡಗಿನ ಮೇಲೆ ಹಗ್ಗ ಹಿಡಿದು ಇಳಿಯಿತು. ಅದು ಪ್ರಯೋಗದ ವಿಮಾನ, ನೌಕಾದಳಕ್ಕೆ ಸೇರಿದ್ದಲ್ಲ. ಆದರೆ ಆ ಇಳಿಕೆಯಿಂದ ಕಲಿತದ್ದು ದೊಡ್ಡದು. ವಿಕ್ರಮಾದಿತ್ಯದ ನೆಲೆ ನಮ್ಮ ಕಾರವಾರ. ಬನವಾಸಿಯ ಅರಸರ ಹೆಸರಿನಿಂದ ಆ ನೆಲೆಗೆ 'ಕದಂಬ' ಎಂದೇ ಹೆಸರು.

ಮತ್ತೊಂದು ಮಾತು. ಹಳೆಯ ವಿಕ್ರಾಂತ 1997ರಲ್ಲಿ ನಿವೃತ್ತವಾಯಿತು; ಕೆಲವು ವರ್ಷ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿದ್ದು, ಕೊನೆಗೆ 2014ರಲ್ಲಿ ಒಡೆಯುವವರ ಕೈಸೇರಿತು. ಅದರ ಹೆಸರು ಹೊತ್ತ ಹೊಸ ಹಡಗು 2022ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಬಂತು. ಸೀ ಹಾಕ್ ನೋಡಬೇಕೆಂದರೆ ಗೋವೆಯ ನೌಕಾ ವಿಮಾನ ಸಂಗ್ರಹಾಲಯದಂಥ ಕಡೆಗೆ ಹೋಗಬೇಕು. ಅದರ ಮೇಲೆ ದುಡಿದವರು ಮಾತ್ರ ನಮ್ಮ ನಿಮ್ಮ ಊರುಗಳಲ್ಲಿ, ಯಾರೂ ಕೇಳದ ಕಾರಣ ಏನನ್ನೂ ಹೇಳದೆ ಕುಳಿತಿದ್ದಾರೆ.

ನಮ್ಮ ಹುಡುಗ ಪರೀಕ್ಷೆ ಮುಗಿಸಿ ಬೇಸಗೆಯ ರಜದಲ್ಲಿ ಎರಡನೆಯ ಸೀ ಹಾಕ್ ಮಾಡಿದ. ಗಾಲಿ ಮುರಿದವನು ನಾನಾದುದರಿಂದ ಪೆಟ್ಟಿಗೆಯನ್ನು ನಾನೇ ತರಿಸಿಕೊಟ್ಟೆ. ಪ್ರತಿ ಭಾನುವಾರ ತಾತ ಜಗಲಿಯಲ್ಲಿ ಕುಳಿತು, ಒಂದೊಂದು ಭಾಗವನ್ನೂ ಬೆರಳಿನಿಂದ ಮುಟ್ಟಿ, ಸರಿಯೆಂದೋ ಅಲ್ಲವೆಂದೋ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ, ರಾತ್ರಿ ಹೊತ್ತು ಹಡಗಿನ ಹೊಟ್ಟೆಯಲ್ಲಿ ಸೆಕೆಗೆ ಬೆವರುತ್ತ ಎಂಜಿನ್ ಬಿಚ್ಚಿದ್ದು, ಹೋದ ವಿಮಾನಗಳು ಹಿಂದಿರುಗುವವರೆಗೆ ಯಾರೂ ಮಾತನಾಡದೆ ಆಕಾಶ ನೋಡುತ್ತ ನಿಂತದ್ದು, ಎಲ್ಲವೂ ಹೊರಬಂತು. ಅವರ ಮಗಳು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತೇ ಕೇಳಿದರು. ಈ ಕಥೆ ಅವರಿಗೂ ಹೊಸದು.

ಮುಂದಿನ ಭಾನುವಾರ ಒಂದು ರಟ್ಟು, ಒಂದು ಅಡಿಪಟ್ಟಿ ತೆಗೆದುಕೊಂಡು ಕುಳಿತುಕೊಳ್ಳಿ. ನಿಮ್ಮ ಬೀದಿಯಲ್ಲಿ ಪಡೆಯಿಂದ ನಿವೃತ್ತರಾದವರಿದ್ದರೆ, ಮಾಡಿದ್ದನ್ನು ಮೊದಲು ಅವರ ಕೈಗೆ ಕೊಟ್ಟು ತಪ್ಪು ಹುಡುಕಲು ಹೇಳಿ.