ಸದ್ದು ಮಾಡುವ ಟ್ಯಾಪೆಟ್‌ಗೆ ಆಯಸ್ಸು ಜಾಸ್ತಿ

ಮುಂಬೈಯ ಹಿರಿಯ ಮೆಕ್ಯಾನಿಕ್‌ಗಳಲ್ಲಿ ಬಹಳ ಮಂದಿ ಕೈ ಪಳಗಿಸಿಕೊಂಡಿದ್ದು ಪ್ರೀಮಿಯರ್ ಪದ್ಮಿನಿಯ ಮೇಲೆ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಆ ಕಾರು 2023ರ ಅಕ್ಟೋಬರ್ ಕೊನೆಗೆ ಇಲ್ಲಿನ ಕಾಲಿ-ಪೀಲಿ ಟ್ಯಾಕ್ಸಿಗಳ ಸಾಲಿನಿಂದ ಮರೆಯಾಯಿತು. ಅದಕ್ಕೆ ರೇಡಿಯೇಟರ್ ಇತ್ತು. ಎಂಜಿನ್ ಕಾದರೆ ಬದಿಗೆ ನಿಲ್ಲಿಸಿ, ಆರಿದ ಮೇಲೆ ನೀರು ಹೊಯ್ದು ಮುಂದೆ ಹೋಗಬಹುದಿತ್ತು. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ನೀರಿನ ಸಂಗತಿಯೇ ಇಲ್ಲ. ಅದನ್ನು ಕಾಯುವುದು ಒಂದು ಫ್ಯಾನ್ ಮತ್ತು ಎರಡೂವರೆ ಲೀಟರ್ ಆಯಿಲ್.

ಥಾಣೆಯಲ್ಲಿರುವ ಸೋದರಮಾವನ 1967ರ ಬೀಟಲ್‌ನ ಉಸ್ತುವಾರಿ ಈಗ ನನ್ನದು. ವಾರವಿಡೀ ಪೊವಾಯಿಯಲ್ಲಿ ಕೋಡ್ ಬರೆಯುವವನಿಗೆ ಭಾನುವಾರ ಕೈಗೆ ಗ್ರೀಸ್ ಹತ್ತಿದರೆ ಸುಖವೇ. ಈಚೆಗೆ ಒಂದು ಗ್ಯಾರೇಜಿನವರು, “ಟ್ಯಾಪೆಟ್ ಸದ್ದು ಜೋರಾಗಿದೆ, ಸ್ವಲ್ಪ ಬಿಗಿ ಮಾಡೋಣ” ಎಂದರು. ಮಾವ ಸುತರಾಂ ಒಪ್ಪಲಿಲ್ಲ. “ಸದ್ದು ಇರಲಿ ಮಾರಾಯ. ಅದು ಸುಮ್ಮನಾದ ದಿನ ಹೆದರು.”

ಅದು ಹಠದ ಮಾತಲ್ಲ, ಲೆಕ್ಕದ್ದು. ಈ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗಳು ಎಡಕ್ಕೆರಡು, ಬಲಕ್ಕೆರಡು ಅಡ್ಡ ಮಲಗಿವೆ. ನಡುವಿನ ಕ್ಯಾಮ್ ಶಾಫ್ಟ್ ಟ್ಯಾಪೆಟ್ಟನ್ನು ತಳ್ಳುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು, ಪುಶ್‌ರಾಡ್ ರಾಕರನ್ನು, ರಾಕರ್ ವಾಲ್ವನ್ನು. ರಾಕರ್‌ಗೂ ವಾಲ್ವ್‌ಗೂ ನಡುವೆ 0.15 ಮಿ.ಮೀ. ಅಂತರ ಇರಬೇಕು, ಅಂದರೆ ಒಂದೂವರೆ ಹಾಳೆ ಕಾಗದದಷ್ಟು. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಬಿಟ್ಟುಕೊಡುವುದು ಸೀಟಿನ ಮೇಲೆ ಕೂತ ಕ್ಷಣಗಳಲ್ಲಿ. ಓಡುತ್ತ ಓಡುತ್ತ ವಾಲ್ವ್ ಹಿಗ್ಗುತ್ತದೆ, ಸೀಟು ಸವೆಯುತ್ತದೆ, ಅಂತರ ಕರಗುತ್ತದೆ, ಸದ್ದೂ ಅಡಗುತ್ತದೆ. ಅಂತರ ಪೂರ್ತಿ ಹೋದರೆ ವಾಲ್ವ್ ಸರಿಯಾಗಿ ಕೂರುವುದೇ ಇಲ್ಲ, ಸುಡುತ್ತದೆ. ತಲೆ ಮುರಿದು ಪಿಸ್ಟನ್ ಮೇಲೆ ಬಿದ್ದರೆ ಎಂಜಿನ್ ಕಥೆ ಮುಗಿದಂತೆ. ಈ ಕಾರು ನಮ್ಮ ದೇಶದಲ್ಲಿ ತಯಾರಾದದ್ದಲ್ಲ. ಮೆಕ್ಸಿಕೋದಲ್ಲೂ 2003ಕ್ಕೆ ನಿಂತಿತು. ಬಿಡಿಭಾಗಕ್ಕೆ ಪರದಾಟ ತಪ್ಪಿದ್ದಲ್ಲ.

ಹೆಚ್ಚು ಅಪಾಯ ಮೂರನೇ ಸಿಲಿಂಡರ್‌ಗೆ. ಫ್ಯಾನಿನ ಗಾಳಿಯ ದಾರಿಯಲ್ಲಿ ಆಯಿಲ್ ಕೂಲರ್ ಅಡ್ಡ ನಿಂತಿರುವುದರಿಂದ ಅದಕ್ಕೆ ಸಿಗುವುದು ಆಗಲೇ ಬಿಸಿಯಾದ ಗಾಳಿ. 1971ರ ಮಾದರಿಯಿಂದ ಕೂಲರಿಗೆ ಬೇರೆ ದಾರಿ ಮಾಡಿಕೊಟ್ಟರು. ನಮ್ಮದು ಅದಕ್ಕೂ ಹಿಂದಿನದು.

ಆಯಿಲ್ ಪಯಣ ನನಗೆ ತುಂಬ ಇಷ್ಟ. ಪಂಪಿನಿಂದ ಟ್ಯಾಪೆಟ್‌ಗೆ, ಅಲ್ಲಿಂದ ಟೊಳ್ಳು ಪುಶ್‌ರಾಡ್‌ನ ಒಳಗೆ ಹಾದು ರಾಕರ್‌ಗೆ. ಸ್ಪ್ರಿಂಗ್, ವಾಲ್ವ್ ಕಾಂಡಗಳನ್ನು ತೋಯಿಸಿ, ಅದೇ ಪುಶ್‌ರಾಡನ್ನು ಸುತ್ತುವರಿದ ತಗಡಿನ ಕೊಳವೆಯಲ್ಲಿ ವಾಪಸ್ ಕೆಳಗೆ. ಹೋಗುವುದು ಒಳಗಿನಿಂದ, ಬರುವುದು ಹೊರಗಿನಿಂದ. ಕೊಳವೆಯ ತುದಿಯ ರಬ್ಬರ್ ಸೀಲ್ ಗಟ್ಟಿಯಾದರೆ ಪಾರ್ಕಿಂಗ್ ನೆಲದ ಮೇಲೆ ಕಪ್ಪು ಚುಕ್ಕೆ, ಸೊಸೈಟಿ ಸೆಕ್ರೆಟರಿಯ ಮುಖದ ಮೇಲೆ ಗಂಟು. ಕಾಗದದ ಫಿಲ್ಟರ್ ಇಲ್ಲ, ಬರೀ ತಂತಿಯ ಜಾಲರಿ. ಆದ್ದರಿಂದ ಸುಮಾರು 5,000 ಕಿ.ಮೀ.ಗೆ ಆಯಿಲ್ ಬದಲಿಸಲೇಬೇಕು. (ನಮ್ಮ ಮೈಸೂರಿನ ಜಾವಾಕ್ಕೆ ಈ ರಗಳೆಯೇ ಇರಲಿಲ್ಲ. ಟೂ-ಸ್ಟ್ರೋಕ್‌ಗೆ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿದರಾಯಿತು.)

ಯಾವ ಆಯಿಲ್? ಹೊಸ ಕಾರಿನ ದುಬಾರಿ ತೆಳು ಆಯಿಲ್ ಇದಕ್ಕೆ ಬೇಡ. ಚಪ್ಪಟೆ ಟ್ಯಾಪೆಟ್ ಕ್ಯಾಮ್ ಮೇಲೆ ಉಜ್ಜುತ್ತ ಸಾಗುವಾಗ ಲೋಹವನ್ನು ಕಾಯುವುದು ಆಯಿಲ್‌ನಲ್ಲಿನ ಸತು ಮತ್ತು ರಂಜಕದ ಸಂಯುಕ್ತ. ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ಹೊಸ ತೆಳು ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ನಾವು ಸತು ಸಾಕಷ್ಟಿರುವ 20ಡಬ್ಲ್ಯು-50 ಹಾಕುತ್ತೇವೆ.

ಘೋಡ್‌ಬಂದರ್ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಎಂಜಿನ್ ನಿಧಾನ, ಫ್ಯಾನೂ ನಿಧಾನ. ಮೇ ತಿಂಗಳಲ್ಲಂತೂ ಕಾರು ಹೊರಡುವುದು ಬೆಳಗಿನ ಆರಕ್ಕೆ ಮೊದಲೇ. ಡೈನಮೋದ ಕೆಂಪು ದೀಪ ಹತ್ತಿದರೆ ತಕ್ಷಣ ನಿಲ್ಲಿಸಬೇಕು. ಡೈನಮೋ, ಫ್ಯಾನ್ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್.

ಗ್ಯಾರೇಜಿನವರು ಹೇಳಿದ ಮರುದಿನ ನಸುಕಿಗೇ, ಎಂಜಿನ್ ಪೂರ್ತಿ ತಣ್ಣಗಿರುವಾಗ, ತಂತಿ ಕ್ಲಿಪ್ ಸರಿಸಿ ಎರಡೂ ಕವರ್ ತೆಗೆದು ಫೀಲರ್ ಗೇಜ್ ಹಾಕಿ ನೋಡಿದೆವು. ಸದ್ದು ಮಾಡುತ್ತಿದ್ದುದು ಒಂದನೆಯ ಸಿಲಿಂಡರ್‌ನ ಸಡಿಲ ಇನ್‌ಟೇಕ್. ಮೂರನೆಯ ಎಕ್ಸಾಸ್ಟ್ ಸದ್ದೇ ಇಲ್ಲದೆ ಕೂತಿತ್ತು: 0.15ರ ಪಟ್ಟಿ ಒಳಗೇ ಹೋಗಲಿಲ್ಲ, 0.05 ಮಾತ್ರ ಬಿಗಿಯಾಗಿ ಹೋಯಿತು. ಎಲ್ಲವನ್ನೂ ಅಳತೆಗೆ ತಂದು, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದೆವು. 500 ಕಿ.ಮೀ. ಓಡಿದ ಮೇಲೆ ಮತ್ತೆ ಅಳೆಯುತ್ತೇವೆ. ಮೂರು ಪುನಃ ಬಿಗಿದಿದ್ದರೆ ವಾಲ್ವ್ ಹಿಗ್ಗುತ್ತಿದೆ ಎಂದೇ ಅರ್ಥ, ಆಗ ಹೆಡ್ ಬಿಚ್ಚದೆ ದಾರಿಯಿಲ್ಲ. ಇವತ್ತಿಗೆ 310 ಕಿ.ಮೀ. ಆಗಿದೆ.