ಕುದಿಸಿದ್ದೇ ತಪ್ಪಾಯ್ತು!

ಮೆಸ್ಸಿ ಕೈಯಲ್ಲಿ ಆಗಾಗ ಕಾಣುವ ಪುಟ್ಟ ಬುರುಡೆ, ಅದಕ್ಕೊಂದು ಲೋಹದ ಕೊಳವೆ. ಫುಟ್‌ಬಾಲ್ ಹುಚ್ಚಿನ ನನಗೆ ಅದರ ರುಚಿ ನೋಡಲೇಬೇಕಿತ್ತು. ಹೆಸರು ಯೆರ್ಬಾ ಮಾತೆ (ತಾಯಿ ಅಲ್ಲ ಮಾರಾಯ್ರೇ!). ಅರ್ಜೆಂಟೀನಾ, ಉರುಗ್ವೆ ಕಡೆಯವರ ನಿತ್ಯದ ಪೇಯ. ಸೀನಿಯರ್ ಒಬ್ಬರು ಕಾಲು ಕೆ.ಜಿ. ಪೊಟ್ಟಣ ಕೊಟ್ಟಿದ್ದೇ ತಡ, ಹಾಸ್ಟೆಲ್‌ನಲ್ಲಿ ಕೆಟಲ್ ಆನ್ ಮಾಡಿ ಕಳಕಳ ಕುದಿಯುವ ನೀರು ಸುರಿದೆ. ಬೇವಿನ ಕಷಾಯವೇ ವಾಸಿ! ಸ್ಟೀಲ್ ಕೊಳವೆಯಿಂದ ತುಟಿಯೂ ಸುಟ್ಟಿತು. ಹೀಟ್ ಟ್ರಾನ್ಸ್‌ಫರ್ ಓದಿದ್ದೆಲ್ಲ ಎಲ್ಲಿ ಹೋಗಿತ್ತೋ.

ಅಲ್ಲಿನವರು ನೀರನ್ನು ಕುದಿಯಲು ಬಿಡುವುದಿಲ್ಲ. 70ರಿಂದ 80 ಡಿಗ್ರಿ ಸಾಕು. ಹೆಚ್ಚಾದರೆ ಕಹಿಯೆಲ್ಲ ಒಂದೇ ಸಲಕ್ಕೆ ಇಳಿದು, ಮುಂದಿನ ಸುತ್ತುಗಳು ಸಪ್ಪೆಯಾಗುತ್ತವೆ. ಅರ್ಜೆಂಟೀನಾದ ಎಷ್ಟೋ ಕೆಟಲ್‌ಗಳಲ್ಲಿ ಮಾತೆಗೆಂದೇ ಬೇರೆ ಗುಂಡಿ ಇದೆ. ನನ್ನ ಕೆಟಲ್‌ಗೆ ಗೊತ್ತಿರುವುದು ಕುದಿಸುವುದೊಂದೇ, ಥರ್ಮಾಮೀಟರೂ ಇಲ್ಲ. ಲೆಕ್ಕ ಹಾಕಿದೆ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಂಥದ್ದು ಮೂರು ಲೋಟ, 25 ಡಿಗ್ರಿಯದು ಒಂದು ಲೋಟ ಬೆರೆಸಿದರೆ 79!

ಮೊದಲು ಎಲೆಪುಡಿಗೆ ತುಸು ತಣ್ಣೀರು ಹಾಕಿ ನೆನೆಸಿ, ಆಮೇಲೆ ಈ ನೀರು ಹೊಯ್ದೆ. ಹಸಿರು ಘಮ, ಹದವಾದ ಕಹಿ. ಆದರೂ ಆರಿಸಿಯೇ ಕುಡಿದೆ. 65 ಡಿಗ್ರಿಗಿಂತ ಬಿಸಿಯಾದ ಪೇಯಗಳಿಂದ ಅನ್ನನಾಳದ ಕ್ಯಾನ್ಸರ್ ಬರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ. ದೂರು ಬಿಸಿಯ ಮೇಲೆ, ಎಲೆಯ ಮೇಲಲ್ಲ. ಕ್ಯಾಂಟೀನ್ ಚಹಾ ಊದದೆ ಹೀರುವವರೂ ಕೇಳಿಸಿಕೊಳ್ಳಿ.

ಪರಾಗ್ವೆಯಲ್ಲಿ ಇದನ್ನೇ ಐಸ್ ನೀರಿನಲ್ಲಿ ನೆನೆಸಿ ‘ತೆರೆರೆ’ ಎಂದು ಕುಡಿಯುತ್ತಾರೆ. ಉಳಿದ ಅರ್ಧ ಪೊಟ್ಟಣವನ್ನು ಏಪ್ರಿಲ್ ಬಿಸಿಲಿಗೆಂದು ಎತ್ತಿಟ್ಟಿದ್ದೇನೆ.