ಬೀಗ ಹಾಕಿದ ಮನೆಗೆ ಕಾವಲು ಯಾರು?



ನೀವು ದಿನವೂ ಶಾಲೆಗೋ ಕಾಲೇಜಿಗೋ ಹೋಗುವ ದಾರಿಯಲ್ಲಿ ಬೀಗ ಹಾಕಿದ ಕಟ್ಟಡ ಒಂದಾದರೂ ಇದ್ದೇ ಇರುತ್ತದೆ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕ ತೂಗುತ್ತಿರುತ್ತದೆ, ಇಲ್ಲವೇ ಹಳೆಯ ಅಂಗಡಿಯೊಂದರ ಷಟರ್ ತಿಂಗಳುಗಳಿಂದ ಮೇಲೆದ್ದಿರುವುದಿಲ್ಲ. ಮಲೆನಾಡು, ಕರಾವಳಿಗಳಲ್ಲಾದರೆ ಮಕ್ಕಳು ಬೆಂಗಳೂರಿಗೋ ಮುಂಬಯಿಗೋ ಕೊಲ್ಲಿ ದೇಶಗಳಿಗೋ ಹೋಗಿ ನೆಲೆಸಿದ ಮೇಲೆ ಖಾಲಿ ಉಳಿದ ದೊಡ್ಡ ಮನೆಗಳು ಕಾಣಸಿಗುತ್ತವೆ. 2011ರ ಜನಗಣತಿಯಲ್ಲಿ ಮನೆ, ಅಂಗಡಿ, ಕಚೇರಿ ಎಲ್ಲವೂ ಸೇರಿ ದೇಶದಲ್ಲಿ ಎಣಿಕೆಯಾದದ್ದು ಸುಮಾರು 33 ಕೋಟಿ. ಅವುಗಳಲ್ಲಿ ಸುಮಾರು 2.46 ಕೋಟಿ ಖಾಲಿ ಇದ್ದವು.

ಖಾಲಿ ಮನೆಯ ಮಾಲೀಕರೆಲ್ಲ ಸಿರಿವಂತರೆಂದು ಭಾವಿಸಬೇಡಿ. ಜೀವಮಾನದ ಉಳಿತಾಯವನ್ನೆಲ್ಲ ಹಾಕಿ ಮೇಲೊಂದು ಮಹಡಿ ಕಟ್ಟಿಸಿ, ಅದರ ಬಾಡಿಗೆಯಿಂದಲೇ ಔಷಧಿಯ ಖರ್ಚು ತೂಗಿಸುವ ನಿವೃತ್ತರು ಎಷ್ಟೋ ಮಂದಿ. ಅಂಥವರ ಮನೆಯಲ್ಲಿ ಒಂದು ಕಳವಾದರೆ, ಇಲ್ಲವೇ ಬೇರೆಯವರು ಬಂದು ಕುಳಿತರೆ, ಅದು ಅವರ ಬದುಕಿನ ಆಧಾರಕ್ಕೇ ಬಿದ್ದ ಪೆಟ್ಟು. ಆದ್ದರಿಂದ ಖಾಲಿ ಕಟ್ಟಡವನ್ನು ಕಾಪಾಡುವುದು ಹೇಗೆಂಬುದು ನಾವೆಲ್ಲರೂ ತಿಳಿದಿರಬೇಕಾದ ವಿಷಯ.

ಮೂರು ಸಂಗತಿಗಳ ಸಂಧಿ

ಅಮೆರಿಕದ ಸಮಾಜಶಾಸ್ತ್ರಜ್ಞರಾದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಒಂದು ಸರಳ ವಿವರಣೆಯನ್ನು ಮುಂದಿಟ್ಟರು. ಕಳ್ಳತನದಂಥ ಅಪರಾಧ ನಡೆಯಬೇಕಾದರೆ ಮೂರು ಸಂಗತಿಗಳು ಒಂದೇ ವೇಳೆ, ಒಂದೇ ಜಾಗದಲ್ಲಿ ಕೂಡಿಬರಬೇಕು: ಕದಿಯುವ ಮನಸ್ಸುಳ್ಳವನು, ಕದಿಯಲು ತಕ್ಕ ವಸ್ತು, ಮತ್ತು ಕಾವಲಿನ ಅಭಾವ. ಈ ಮೂರರಲ್ಲಿ ಒಂದನ್ನು ತಪ್ಪಿಸಿದರೂ ಅಪರಾಧ ತಪ್ಪುತ್ತದೆ. ಕಳ್ಳನ ಮನಸ್ಸನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ನಮ್ಮ ಕೈಯಲ್ಲಿವೆ.

ಖಾಲಿ ಮನೆಯಲ್ಲಿ ಕದಿಯಲು ಏನಿದೆ ಎಂದು ನೀವು ಕೇಳಬಹುದು. ಗೋಡೆಯೊಳಗಿನ ತಾಮ್ರದ ತಂತಿ, ಹಿತ್ತಾಳೆಯ ನಲ್ಲಿ, ಸಂಪಿನ ಮೋಟಾರು, ಅಲ್ಯೂಮಿನಿಯಂ ಕಿಟಕಿ, ಕಬ್ಬಿಣದ ಗ್ರಿಲ್ ಇವೆಲ್ಲಕ್ಕೂ ಗುಜರಿಯಲ್ಲಿ ಬೆಲೆಯುಂಟು. ಕಳ್ಳನಿಗೆ ದೊರೆಯುವುದು ಕೆಲವು ನೂರು ರೂಪಾಯಿ; ತಂತಿ ಎಳೆಯಲು ಒಡೆದ ಗೋಡೆಯನ್ನು ಸರಿಪಡಿಸಲು ಮಾಲೀಕನಿಗೆ ತಗಲುವುದು ಅದರ ಹಲವು ಪಟ್ಟು. ಹಾಗಾಗಿ ಬಾಡಿಗೆದಾರ ಖಾಲಿ ಮಾಡಿದೊಡನೆ ಬಿಚ್ಚಿ ಒಯ್ಯಬಹುದಾದ ವಸ್ತುಗಳನ್ನು ತೆಗೆದಿರಿಸುವುದು ಜಾಣತನ. ಅಂಗಡಿಯಾದರೆ ಖಾಲಿ ಗಲ್ಲಾಪೆಟ್ಟಿಗೆಯನ್ನು ತೆರೆದೇ ಇಟ್ಟು, ಒಳಗೇನೂ ಇಲ್ಲವೆಂಬುದು ಹೊರಗಿನಿಂದಲೇ ಕಾಣುವಂತೆ ಮಾಡುವುದೂ ಒಂದು ಉಪಾಯ.

ಮನೆಯೇ ಹೇಳುವ ಗುಟ್ಟು

ಮನೆ ಖಾಲಿ ಇದೆಯೆಂಬುದನ್ನು ಹೆಚ್ಚಿನ ವೇಳೆ ಮನೆಯೇ ಹೇಳಿಬಿಡುತ್ತದೆ. ಗೇಟಿನ ಸಂದಿಯಲ್ಲಿ ಸಿಕ್ಕಿಸಿದ ಎರಡು ತಿಂಗಳ ವಿದ್ಯುತ್ ಬಿಲ್ಲು, ಅಂಗಳದಲ್ಲಿ ಒಣಗಿದ ಎಲೆಯ ರಾಶಿ, ಹಗಲಿರುಳೂ ಉರಿಯುವ ಹೊರದೀಪ, ಬೀದಿಯ ಎಲ್ಲ ಬಾಗಿಲುಗಳ ಮುಂದೆ ರಂಗೋಲಿಯಿದ್ದು ಇದೊಂದರ ಮುಂದೆ ಮಾತ್ರ ಇಲ್ಲದಿರುವುದು—ಇವೆಲ್ಲ ಸಾಲದೇ?

1969ರಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಒಂದು ಪ್ರಯೋಗ ನಡೆಸಿದರು. ವಾರಸುದಾರರಿಲ್ಲದಂತೆ ಕಾಣುವ ಕಾರೊಂದನ್ನು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಊರಿನಲ್ಲಿ ನಿಲ್ಲಿಸಿದರು. ವಾರಕ್ಕೂ ಹೆಚ್ಚು ಕಾಲ ಅದನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಅವರೇ ಸುತ್ತಿಗೆಯಿಂದ ಅದಕ್ಕೊಂದು ಪೆಟ್ಟು ಕೊಟ್ಟರು. ದಾರಿಹೋಕರೂ ಸೇರಿಕೊಂಡು ಕಾರನ್ನು ನುಚ್ಚುನೂರು ಮಾಡಿದರು! ಇದನ್ನು ಆಧರಿಸಿ 1982ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ‘ಒಡೆದ ಕಿಟಕಿ’ಯ ಸಿದ್ಧಾಂತವನ್ನು ಮಂಡಿಸಿದರು. ಇಡೀ ನಗರದ ಅಪರಾಧಗಳನ್ನು ಈ ಸಿದ್ಧಾಂತ ಎಷ್ಟರಮಟ್ಟಿಗೆ ವಿವರಿಸಬಲ್ಲದೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಮನೆಯ ಮಟ್ಟಿಗೆ ಅದರ ಪಾಠ ಸ್ಪಷ್ಟ: ಒಡೆದ ಗಾಜನ್ನು ಅಂದೇ ಬದಲಿಸಿ, ಕಸ ಗುಡಿಸಿ, ಗೇಟಿನ ಮುಂದಿನ ಕಳೆ ಕೀಳಿಸಿ. ‘ಈ ಮನೆಗೆ ಹೇಳುವವರು ಕೇಳುವವರು ಇದ್ದಾರೆ’ ಎಂಬುದು ನೋಡಿದವರಿಗೆ ತಿಳಿಯಬೇಕು. ಸಂಜೆ ಹೊತ್ತಿ ಬೆಳಗ್ಗೆ ಆರುವ ದೀಪಕ್ಕಾಗಿ ಟೈಮರ್ ಅಥವಾ ಬೆಳಕಿಗೆ ಸ್ಪಂದಿಸುವ ಸ್ವಿಚ್ ಅಳವಡಿಸಿದರೆ ಸಾಕು, ಹೆಚ್ಚು ಖರ್ಚಿಲ್ಲ.

ಬೀಗ ಗಟ್ಟಿ, ಕೊಂಡಿ ಸಡಿಲ

ಭೌತಶಾಸ್ತ್ರದ ತರಗತಿಯಲ್ಲಿ ನೀವು ಸನ್ನೆಕೋಲಿನ ಪಾಠ ಓದಿದ್ದೀರಿ. ಆಧಾರಬಿಂದುವಿನಿಂದ ಒಂದು ಕಡೆಗೆ 60 ಸೆಂಟಿಮೀಟರ್, ಇನ್ನೊಂದು ಕಡೆಗೆ 3 ಸೆಂಟಿಮೀಟರ್ ಇರುವ ಕಬ್ಬಿಣದ ಸಲಾಕೆಯನ್ನು ಊಹಿಸಿಕೊಳ್ಳಿ. ಉದ್ದದ ತುದಿಯಲ್ಲಿ 20 ಕಿಲೋಗ್ರಾಂ ಭಾರದಷ್ಟು ಬಲ ಹಾಕಿದರೆ ಗಿಡ್ಡ ತುದಿಯಲ್ಲಿ 400 ಕಿಲೋಗ್ರಾಂ ಭಾರದಷ್ಟು ಬಲ ಉಂಟಾಗುತ್ತದೆ. ಸಾವಿರಾರು ರೂಪಾಯಿಯ ಬೀಗವನ್ನು ಅರ್ಧ ಅಂಗುಲದ ಸ್ಕ್ರೂ ಹಾಕಿದ ಚಿಲಕಕ್ಕೆ ತೂಗುಹಾಕಿದರೆ ಏನಾದೀತು? ಬೀಗ ಬೀಗವಾಗಿಯೇ ಉಳಿದು, ಚಿಲಕ ಕೊಂಡಿಯ ಸಮೇತ ಕಿತ್ತು ಬರುತ್ತದೆ. ಆದ್ದರಿಂದ ಹಣ ಹಾಕುವುದಿದ್ದರೆ ಮೊದಲು ಬಾಗಿಲುವಾಡಕ್ಕೆ, ಚಿಲಕಕ್ಕೆ ಮತ್ತು ಒಳಗಡೆಯಿಂದ ನಟ್ಟು ಬಿಗಿದ ಬೋಲ್ಟುಗಳಿಗೆ ಹಾಕಬೇಕು.

ಹೊರಗೆ ನೇತಾಡುವ ಬೀಗಕ್ಕೆ ಇನ್ನೊಂದು ದೋಷವಿದೆ: ಒಳಗೆ ಯಾರೂ ಇಲ್ಲವೆಂದು ಅದು ಸಾರಿ ಹೇಳುತ್ತದೆ. ಬಾಗಿಲಿನ ಒಳಗೇ ಅಡಗಿರುವ ಬೀಗ ಆ ಮಟ್ಟಿಗೆ ಮೇಲು. ಇಂದು ಮನೆಮನೆಯಲ್ಲಿರುವ ಪಿನ್ನುಗಳ ಬೀಗಕ್ಕೆ ಆಧುನಿಕ ರೂಪ ಕೊಟ್ಟವರಲ್ಲಿ ಪ್ರಮುಖರು ಅಮೆರಿಕದ ಲೈನಸ್ ಯೇಲ್ ಜೂನಿಯರ್. ಅವರಿಗೆ 1861ರಲ್ಲಿ ಪೇಟೆಂಟ್ ದೊರೆಯಿತು. ಇಂಥ ಬೀಗಗಳಲ್ಲಿ ಸಾಮಾನ್ಯವಾಗಿ ಒಳಗಿನ ಸಿಲಿಂಡರನ್ನಷ್ಟೇ ಬದಲಿಸಬಹುದು. ಬಾಡಿಗೆದಾರ ಬಿಟ್ಟುಹೋದಾಗ ಈ ಕೆಲಸ ಮಾಡಲೇಬೇಕು. ಏಕೆಂದರೆ ಹಳೆಯ ಬೀಗದ ಕೈಗೆ ಎಷ್ಟು ನಕಲುಗಳಿವೆ ಎಂಬುದನ್ನು ಬಲ್ಲವರಾರು?

ಅಂಗಡಿಯ ಷಟರಿಗೆ ನಡುವೆ ಮಾತ್ರ ಬೀಗವಿದ್ದರೆ ತಗಡು ಬಗ್ಗುವುದರಿಂದ ಮೂಲೆಯನ್ನು ಎತ್ತಿ ನುಸುಳಲು ಅವಕಾಶವಾಗುತ್ತದೆ. ಎರಡೂ ಕೊನೆಗಳಲ್ಲಿ ಬೀಗ ಬೇಕು. ಹಿಂಬಾಗಿಲು, ಮಹಡಿಯ ಬಾಗಿಲು, ಬಚ್ಚಲುಮನೆಯ ಗಾಜಿನ ಪಟ್ಟಿಗಳ ಕಿಟಕಿ, ಇವುಗಳನ್ನೂ ಮರೆಯಬಾರದು. ಕ್ಯಾಮೆರಾ ಒಳ್ಳೆಯದೇ; ಆದರೆ ವಿದ್ಯುತ್ತು ಮತ್ತು ಅಂತರ್ಜಾಲದ ಸಂಪರ್ಕ ಕಡಿದ ಮನೆಯಲ್ಲಿ ಅದರಿಂದ ಬರುವ ಚಿತ್ರವೂ ನಿಲ್ಲುತ್ತದೆಂಬುದು ನೆನಪಿರಲಿ.

ಕಳ್ಳನಿಲ್ಲದೆಯೂ ಬರುವ ಹಾನಿ

ನೀರು, ಬೆಂಕಿ, ಗೆದ್ದಲು, ಸೊಳ್ಳೆಗಳಿಗೆ ಬೀಗದ ಅಡ್ಡಿಯಿಲ್ಲ. ಬಳಸದ ಬಚ್ಚಲಿನ ಬಾಗಿದ ಕೊಳವೆಯಲ್ಲಿ ನಿಂತ ನೀರು ಕೆಲವು ವಾರಗಳಲ್ಲಿ ಆವಿಯಾಗುತ್ತದೆ. ಆ ನೀರೇ ಚರಂಡಿಯ ದುರ್ಗಂಧಕ್ಕೂ ಜಿರಲೆಗಳಿಗೂ ತಡೆಯಾಗಿದ್ದುದರಿಂದ, ಅದು ಆರಿದೊಡನೆ ಎರಡೂ ಒಳಗೆ ಬರುತ್ತವೆ. ಆಗಾಗ ಒಂದು ಬಕೆಟ್ ನೀರು ಸುರಿದರೆ ಇದು ತಪ್ಪುತ್ತದೆ. ಇನ್ನೊಂದೆಡೆ, ತೆರೆದ ಸಂಪು ಮತ್ತು ಮಹಡಿಯ ಮೇಲಿನ ತೊಟ್ಟಿಗಳಲ್ಲಿ ನಿಂತ ತಿಳಿನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತವರು. ಅನುಕೂಲಕರ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವ ಮನೆ, ಅಂಗಡಿ ಹಾಗೂ ಖಾಲಿ ನಿವೇಶನಗಳವರಿಗೆ ದಂಡವನ್ನೂ ಗೊತ್ತುಪಡಿಸಿತು. ಖಾಲಿ ಮನೆಯ ಅಲಕ್ಷ್ಯ ಪಕ್ಕದ ಮನೆಯ ಮಗುವಿನ ಜ್ವರವಾಗಬಾರದಷ್ಟೇ.

ವಿಮೆ ಇದೆಯಲ್ಲ ಎಂದು ನಿಶ್ಚಿಂತರಾಗುವವರೂ ಉಂಟು. ಆದರೆ ಕಟ್ಟಡ ಸತತ 30 ದಿನಗಳಿಗಿಂತ ಹೆಚ್ಚು ಖಾಲಿ ಬಿದ್ದರೆ ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ರಕ್ಷಣೆ ಮುಂದುವರಿಯದು ಎಂಬ ಷರತ್ತು ಅನೇಕ ಅಗ್ನಿ ವಿಮೆಗಳಲ್ಲಿರುತ್ತದೆ. ಆ ಪತ್ರವನ್ನು ಮನೆಯ ಹಿರಿಯರಿಗೆ ಓದಿ ಹೇಳುವ ಕೆಲಸವನ್ನು ನೀವು ಮಾಡಬಹುದು.

ಕಾನೂನಿನ ಮಾತು

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಅತಿಕ್ರಮ ಪ್ರವೇಶಕ್ಕೂ, 305ನೇ ಕಲಮು ವಾಸದ ಮನೆ ಅಥವಾ ಸ್ವತ್ತನ್ನು ಇರಿಸುವ ಕಟ್ಟಡದಲ್ಲಿ ನಡೆಯುವ ಕಳವಿಗೂ ಶಿಕ್ಷೆ ವಿಧಿಸುತ್ತವೆ. ಎರಡನೆಯದಕ್ಕೆ ಏಳು ವರ್ಷಗಳವರೆಗೆ ಸೆರೆವಾಸ ಉಂಟು.

ಯಾರಾದರೂ ಬಂದು ನೆಲೆಯೂರಿದರೆ? 1963ರ ಕಾಲಮಿತಿ ಅಧಿನಿಯಮದ ಪ್ರಕಾರ, ಖಾಸಗಿ ಸ್ವತ್ತನ್ನು ಒಬ್ಬನು ಬಹಿರಂಗವಾಗಿ, ಎಡೆಬಿಡದೆ, ಮಾಲೀಕನ ಹಕ್ಕನ್ನು ಧಿಕ್ಕರಿಸಿ 12 ವರ್ಷ ಅನುಭವಿಸಿದರೆ ಮಾಲೀಕನು ಅದನ್ನು ಮರಳಿ ಕೇಳುವ ಹಕ್ಕನ್ನೇ ಕಳೆದುಕೊಳ್ಳಬಹುದು. ಇದೇ ‘ಪ್ರತಿಕೂಲ ಸ್ವಾಧೀನ’. ಒಪ್ಪಿಗೆಯಿಂದ ಒಳಬಂದ ಬಾಡಿಗೆದಾರ ಕೇವಲ ವರ್ಷಗಳನ್ನು ಎಣಿಸಿ ಈ ಹಕ್ಕು ಪಡೆಯಲಾರ. ಬಲಾತ್ಕಾರದಿಂದ ಸ್ವಾಧೀನ ಕಳೆದುಕೊಂಡವರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿದರೆ ಸಂಕ್ಷಿಪ್ತ ಪರಿಹಾರ ದೊರೆಯುತ್ತದೆ. ಅಲ್ಲಿ ಮಾಲೀಕತ್ವದ ಚರ್ಚೆ ಬೇಕಿಲ್ಲ. ವರ್ಷಕ್ಕೊಮ್ಮೆ ಊರಿಗೆ ಬಂದು ನೋಡುವವರಿಗೆ ಈ ಆರು ತಿಂಗಳ ಅವಧಿ ತಿಳಿಯದೆಯೇ ಕಳೆದುಹೋಗುತ್ತದೆ. ತಿಂಗಳಿಗೊಮ್ಮೆಯಾದರೂ ಯಾರಾದರೂ ಬಾಗಿಲು ತೆರೆದು ನೋಡಬೇಕು, ದಿನಾಂಕ ಕಾಣುವಂತೆ ಚಿತ್ರ ತೆಗೆದಿಡಬೇಕು, ಆಸ್ತಿ ತೆರಿಗೆಯ ರಸೀದಿಗಳನ್ನು ಜೋಪಾನ ಮಾಡಬೇಕು ಎನ್ನುವುದು ಇದಕ್ಕಾಗಿಯೇ.

ನಿಮ್ಮ ಪಾಲಿನ ಕೆಲಸ

ನಾಳೆ ನೀವೇ ಓದಿಗಾಗಿ ಬೇರೆ ಊರಿಗೆ ಹೋಗಿ ಕೋಣೆ ಹುಡುಕಬೇಕಾಗಬಹುದು. ಖಾಲಿ ಮನೆಯ ಬೀಗದ ಕೈ ಹೇಗೋ ಸಂಪಾದಿಸಿ, ತಾನೇ ಮಾಲೀಕನೆಂದು ಹೇಳಿ ಮುಂಗಡ ಹಣ ಪಡೆದು ಮಾಯವಾಗುವ ವಂಚಕರಿದ್ದಾರೆ. ಆದ್ದರಿಂದ ಹಣ ಕೊಡುವ ಮೊದಲು ತೆರಿಗೆ ರಸೀದಿ ಅಥವಾ ಖಾತಾ ಪತ್ರದಲ್ಲಿರುವ ಹೆಸರನ್ನೂ, ಹಣ ಕೇಳುವವರ ಗುರುತಿನ ಚೀಟಿಯ ಹೆಸರನ್ನೂ ಹೋಲಿಸಿ ನೋಡಿ. ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ. ‘ಇವತ್ತೇ ಮುಂಗಡ ಕೊಡದಿದ್ದರೆ ಮನೆ ಬೇರೆಯವರಿಗೆ’ ಎಂದು ಅವಸರಪಡಿಸಿದರೆ ಇನ್ನಷ್ಟು ಎಚ್ಚರದಿಂದಿರಿ.

ನಿಮ್ಮ ಮನೆಯವರೆಲ್ಲ ಊರಿಗೆ ಹೊರಟಾಗ ಆ ಸುದ್ದಿಯನ್ನು ಚಿತ್ರಸಮೇತ ಮೊಬೈಲಿನಲ್ಲಿ ಊರಿಗೆಲ್ಲ ಸಾರಬೇಡಿ. ನಂಬಿಕೆಯ ನೆರೆಯವರಿಗೂ ಪೊಲೀಸ್ ಠಾಣೆಗೂ ತಿಳಿಸಿ. ಬೀದಿಯ ಖಾಲಿ ಮನೆಯ ಬಾಗಿಲು ತೆರೆದಿರುವುದು ಕಂಡರೆ ಕುತೂಹಲದಿಂದ ಒಳಗೆ ಹೋಗಕೂಡದು. ದೂರದಲ್ಲೇ ನಿಂತು ಹಿರಿಯರಿಗೆ ಹೇಳಿ, ಅಥವಾ 112ಕ್ಕೆ ಕರೆ ಮಾಡಿ. ಹಾಗೆಂದು ಹೊಸ ಮುಖ ಕಂಡೊಡನೆ ಕಳ್ಳನೆಂದು ಬಗೆಯುವುದೂ ತಪ್ಪು. ಮೀಟರ್ ಓದುವವರು, ಮನೆ ನೋಡಲು ಬಂದವರು ಎಲ್ಲರೂ ಹೊಸಬರೇ. ಅನುಮಾನ ಬಂದರೆ ‘ಯಾರು ಬೇಕಾಗಿತ್ತು?’ ಎಂದು ಮನೆಯ ದೊಡ್ಡವರು ಸೌಜನ್ಯದಿಂದ ಕೇಳಿದರಾಯಿತು. ಒಳ್ಳೆಯ ಕೆಲಸಕ್ಕೆ ಬಂದವರು ಉತ್ತರ ಹೇಳುತ್ತಾರೆ. ಬೇರೆ ಉದ್ದೇಶದಿಂದ ಬಂದವನಿಗೆ ತನ್ನನ್ನು ಯಾರೋ ಗಮನಿಸಿದ್ದಾರೆಂಬ ಅರಿವೇ ಹಿಮ್ಮೆಟ್ಟಲು ಕಾರಣವಾಗಬಹುದು. ಆ ಒಂದು ಪ್ರಶ್ನೆಗೆ ಖರ್ಚಿಲ್ಲ, ಅದನ್ನು ಕೇಳುವ ನೆರೆಯವರು ಇರುವ ಬೀದಿಯಲ್ಲಿ ಬೀಗ ಹಾಕಿದ ಮನೆ ಅನಾಥವಲ್ಲ.